ತಡವಾಗಿ ಬರುವ ಉತ್ತರ

ನಮ್ಮ ಭಾಷೆಯಲ್ಲಿ ನಿಧಾನವೆಂಬ ಮಾತಿಗೆ ಮರ್ಯಾದೆಯೂ ಉಂಟು, ಅವಮಾನವೂ ಉಂಟು. ‘ನಿಧಾನವೇ ಪ್ರಧಾನ’ ಎಂದು ಮಕ್ಕಳಿಗೆ ಬುದ್ಧಿ ಹೇಳುವವರು ಹಿರಿಯರು. ಅದೇ ಹಿರಿಯರಿಗೆ ವಯಸ್ಸಾಗಿ, ಕೇಳಿದ ಮಾತಿಗೆ ತಟ್ಟನೆ ಉತ್ತರ ಬಾರದೆ ಹೋದರೆ ‘ಅರವತ್ತಕ್ಕೆ ಅರಳು ಮರಳು’ ಎಂದು ತೀರ್ಪು ಕೊಟ್ಟುಬಿಡುವವರು ನಾವು. ಮಂಕು, ಪೆದ್ದು, ಜಡ, ಸೋಮಾರಿ ಎಂದು ತಡವಾಗಿ ಯೋಚಿಸುವವರನ್ನು ಹಳಿಯಲು ನಮ್ಮಲ್ಲಿ ಮಾತುಗಳಿಗೆ ಬರವಿಲ್ಲ. ಆದರೆ ಯೋಚನೆಯ ವೇಗ ತಗ್ಗುವುದೇ ಮಿದುಳಿನ ಒಂದು ತೊಂದರೆಯಾಗಿರಬಹುದು, ಬುದ್ಧಿ ಮಾತ್ರ ಒಳಗೆ ನೆಟ್ಟಗೇ ಇರಬಹುದು ಎಂಬ ಅರಿವು ವೈದ್ಯಲೋಕಕ್ಕೂ ಸುಲಭವಾಗಿ ದಕ್ಕಿದ್ದಲ್ಲ. ಆ ಅರಿವು ಬೆಳೆದುಬಂದ ಬಗೆಯನ್ನು ಈ ಲೇಖನದಲ್ಲಿ ಸ್ಥೂಲವಾಗಿ ನೋಡೋಣ.

ಊರು ಬಿಟ್ಟು ಬಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ನಮ್ಮಂಥವರಿಗೆ ಈ ವಿಷಯ ಬರಿಯ ಚರಿತ್ರೆಯಲ್ಲ. ಊರಿನ ಮನೆಗೆ ಬೀಗ ಹಾಕಿಸಿ ತಂದೆತಾಯಿಗಳನ್ನು ಇಲ್ಲಿಗೆ ಕರೆತರುತ್ತೇವೆ. ಅವರ ಮಾತು ಕಡಿಮೆಯಾದರೆ ‘ಹೊಸ ಜಾಗ, ಇಲ್ಲಿಯ ಭಾಷೆ ಬಾರದು, ಬರುಬರುತ್ತಾ ಹೊಂದಿಕೊಳ್ಳುತ್ತಾರೆ’ ಎಂದು ಸಮಾಧಾನ ತಂದುಕೊಳ್ಳುತ್ತೇವೆ. ಇನ್ನೂ ಕಡಿಮೆಯಾದರೆ ‘ವಯಸ್ಸಾಯಿತಲ್ಲ’ ಎನ್ನುತ್ತೇವೆ. ಈ ಎರಡು ಸಮಾಧಾನಗಳ ನಡುವೆ, ಚಿಕಿತ್ಸೆಗೆ ಬಗ್ಗುವ ಕಾಯಿಲೆಯೊಂದು ಯಾರ ಕಣ್ಣಿಗೂ ಬೀಳದೆ ಕುಳಿತಿರುವುದುಂಟು.

ಗ್ರೀನಿಚ್ಚಿನ ಗಡಿಯಾರ

ಈ ಕಥೆ ಆರಂಭವಾಗುವುದು ಲಂಡನ್ನಿನ ಬಳಿಯ ಗ್ರೀನಿಚ್ ಖಗೋಳ ವೀಕ್ಷಣಾಲಯದಲ್ಲಿ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅಲ್ಲಿಯ ಮುಖ್ಯಸ್ಥರಾಗಿದ್ದವರು ನೆವಿಲ್ ಮ್ಯಾಸ್ಕೆಲೀನ್. ಅವರ ಸಹಾಯಕ ಡೇವಿಡ್ ಕಿನ್ನೆಬ್ರೂಕ್. ದೂರದರ್ಶಕದಲ್ಲಿ ಅಡ್ಡ ಕಟ್ಟಿದ ತಂತಿಯನ್ನು ನಕ್ಷತ್ರ ದಾಟುವ ಕ್ಷಣವನ್ನು, ಗಡಿಯಾರದ ಟಿಕ್ ಟಿಕ್ ಸದ್ದಿಗೆ ಕಿವಿಗೊಟ್ಟು, ಸೆಕೆಂಡಿನ ಹತ್ತನೆಯ ಒಂದು ಭಾಗದವರೆಗೆ ಬರೆದಿಡುವುದು ಆಗಿನ ಪದ್ಧತಿ. ಕಿನ್ನೆಬ್ರೂಕನ ಲೆಕ್ಕ ಗುರುವಿನ ಲೆಕ್ಕಕ್ಕಿಂತ ಮೊದಲು ಅರ್ಧ ಸೆಕೆಂಡಿನಷ್ಟು, ಆಮೇಲೆ ಸೆಕೆಂಡಿನ ಹತ್ತರಲ್ಲಿ ಎಂಟು ಭಾಗದಷ್ಟು ತಡವಾಗಿ ಬರತೊಡಗಿತು. ಎಚ್ಚರಿಕೆ ಕೊಟ್ಟರೂ ಸರಿಹೋಗಲಿಲ್ಲ. 1796ರಲ್ಲಿ ಮ್ಯಾಸ್ಕೆಲೀನ್ ಅವನನ್ನು ಕೆಲಸದಿಂದ ತೆಗೆದರು. ಇಲ್ಲಿ ತಪ್ಪು ಯಾರದು ಎಂದು ಆಗ ಯಾರೂ ಯೋಚಿಸಲಿಲ್ಲ. ಕೆಲಸಗಾರನ ಅಲಕ್ಷ್ಯವೆಂದೇ ಮಾತು ಮುಗಿಯಿತು.

ಸುಮಾರು ಇಪ್ಪತ್ತೈದು ವರ್ಷಗಳ ಅನಂತರ ಕೋನಿಗ್ಸ್‌ಬರ್ಗಿನ ಖಗೋಳಜ್ಞ ಬೆಸೆಲ್ ಈ ಪ್ರಸಂಗವನ್ನು ಓದಿ, ತನ್ನ ಲೆಕ್ಕವನ್ನು ಬೇರೆ ನುರಿತ ವೀಕ್ಷಕರ ಲೆಕ್ಕದೊಂದಿಗೆ ಹೋಲಿಸಿ ನೋಡಿದ. ಒಬ್ಬರಿಗೂ ಇನ್ನೊಬ್ಬರಿಗೂ ಹೊಂದಲಿಲ್ಲ. ಕಣ್ಣು ಕಂಡದ್ದನ್ನೂ ಕಿವಿ ಕೇಳಿದ್ದನ್ನೂ ಕೂಡಿಸಿ ನಿರ್ಣಯಿಸಲು ಪ್ರತಿಯೊಬ್ಬರ ಮನಸ್ಸೂ ತನ್ನದೇ ಆದಷ್ಟು ಕಾಲವನ್ನು ತೆಗೆದುಕೊಳ್ಳುತ್ತದೆ ಎಂಬುದು ಸ್ಪಷ್ಟವಾಯಿತು. ಕಿನ್ನೆಬ್ರೂಕ್ ಸೋಮಾರಿಯಾಗಿರಬೇಕಾಗಿರಲಿಲ್ಲ. ಅವನ ಮನಸ್ಸಿನ ಗಡಿಯಾರ ಬೇರೆ, ಮ್ಯಾಸ್ಕೆಲೀನರದು ಬೇರೆ.

ಆದರೂ ನರಗಳಲ್ಲಿ ಸುದ್ದಿ ಹರಿಯುವುದಕ್ಕೆ ಕಾಲ ಹಿಡಿಯುತ್ತದೆಂದು ವಿದ್ವಾಂಸರೇ ಒಪ್ಪಿರಲಿಲ್ಲ. ಆ ವೇಗವನ್ನು ಅಳೆಯುವುದು ಮನುಷ್ಯನಿಂದ ಆಗದ ಮಾತೆಂದು ಜರ್ಮನಿಯ ಹೆಸರಾಂತ ಶರೀರಶಾಸ್ತ್ರಜ್ಞ ಯೋಹಾನೆಸ್ ಮ್ಯೂಲರ್ ಭಾವಿಸಿದ್ದರು. ಅವರ ಶಿಷ್ಯನೇ ಆದ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ಕಾಲಿನ ನರದಲ್ಲಿ ಅದನ್ನು ಅಳೆದು ತೋರಿಸಿದ. ಸೆಕೆಂಡಿಗೆ 25ರಿಂದ 40 ಮೀಟರು, ಅಷ್ಟೆ. ಮಿಂಚಿನ ಮಾತು ಹಾಗಿರಲಿ, ಅದು ಇಂದಿನ ರೈಲುಗಾಡಿಯ ವೇಗ. 1868ರಲ್ಲಿ ಹಾಲೆಂಡಿನ ಡೋಂಡರ್ಸ್ ಒಂದು ಹೆಜ್ಜೆ ಮುಂದೆ ಹೋದ. ಕಾಲಿಗೆ ಚಿಕ್ಕದೊಂದು ವಿದ್ಯುತ್ತಿನ ಚುಚ್ಚು ಕೊಟ್ಟು ಕೈಯಿಂದ ಸನ್ನೆ ಮಾಡಿಸುವುದು ಒಂದು ಪ್ರಯೋಗ. ಚುಚ್ಚು ಬಲಗಾಲಿಗೋ ಎಡಗಾಲಿಗೋ ಎಂದು ಗುರುತಿಸಿ ಆ ಬದಿಯ ಕೈಯಿಂದಲೇ ಸನ್ನೆ ಮಾಡಿಸುವುದು ಇನ್ನೊಂದು. ಎರಡನೆಯದರ ಕಾಲದಿಂದ ಮೊದಲನೆಯದನ್ನು ಕಳೆದರೆ ಉಳಿಯುವುದು ತೀರ್ಮಾನಕ್ಕೆ ಹಿಡಿದ ಕಾಲ. ಅದು ಸುಮಾರು ಸೆಕೆಂಡಿನ ಹದಿನೈದನೆಯ ಒಂದು ಭಾಗವೆಂದು ಅವನು ಲೆಕ್ಕ ಹಾಕಿದ. ಕಣ್ಣಿಗೆ ಕಾಣದ ಯೋಚನೆಗೂ ಹೀಗೆ ಒಂದು ಅಳತೆಗೋಲು ಸಿಕ್ಕಿತು.

ನಡುಕ ಕಂಡಿತು, ನಿಧಾನ ಕಾಣಲಿಲ್ಲ

ಇತ್ತ ವೈದ್ಯರ ಪ್ರಪಂಚದಲ್ಲಿ, 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್‌ಸನ್ ನಡುಕದ ಪಾರ್ಶ್ವವಾಯುವಿನ ಮೇಲೆ ಒಂದು ಚಿಕ್ಕ ಪ್ರಬಂಧ ಪ್ರಕಟಿಸಿದ್ದರು. ಅದರಲ್ಲಿದ್ದದ್ದು ಆರು ಜನ ರೋಗಿಗಳ ವರ್ಣನೆ. ಅವರಲ್ಲಿ ಕೆಲವರನ್ನು ಅವರು ಬೀದಿಯಲ್ಲಿ ಕಂಡು ಗಮನಿಸಿದ್ದು. ಕೈ ನಡುಗುವುದು, ಮುಂದಕ್ಕೆ ಬಾಗಿದ ಮೈ, ನಡೆಯುತ್ತ ನಡೆಯುತ್ತ ಓಟಕ್ಕೆ ತಿರುಗುವ ಹೆಜ್ಜೆ, ಎಲ್ಲವನ್ನೂ ಅವರು ಸೂಕ್ಷ್ಮವಾಗಿ ಬರೆದರು. ಇಂದ್ರಿಯಗಳಿಗೂ ಬುದ್ಧಿಗೂ ಈ ರೋಗದಿಂದ ಧಕ್ಕೆಯಿಲ್ಲವೆಂದೂ ಸೇರಿಸಿದರು. ಆ ಒಂದು ಮಾತು ನೂರು ವರ್ಷ ಪಠ್ಯಪುಸ್ತಕಗಳಲ್ಲಿ ನಡೆದುಬಂತು. ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಪ್ರಸಿದ್ಧ ವೈದ್ಯ ಶಾರ್ಕೋ ಈ ಕಾಯಿಲೆಗೆ ಪಾರ್ಕಿನ್‌ಸನ್ನರ ಹೆಸರನ್ನೇ ಸೂಚಿಸಿದರು. ಸ್ನಾಯುಗಳಲ್ಲಿ ಶಕ್ತಿಯಿದ್ದರೂ ಚಲನೆ ನಿಧಾನವಾಗುತ್ತದೆ ಎಂಬ ಮುಖ್ಯ ಸಂಗತಿಯನ್ನು ಎತ್ತಿ ತೋರಿಸಿದವರೂ ಅವರೇ. ಕಾಲಕ್ರಮದಲ್ಲಿ ಮನಸ್ಸಿನ ವ್ಯಾಪಾರಕ್ಕೂ ರೋಗ ತಟ್ಟುತ್ತದೆಂದು ಅವರು ಗಮನಿಸಿದ್ದರೂ ಅದರ ಬೆನ್ನು ಹತ್ತಿ ಹೋದವರು ಕಡಿಮೆ. ನಡುಗುವ ಕೈ ಎಲ್ಲರಿಗೂ ಕಾಣುತ್ತದೆ. ತಡೆದು ತಡೆದು ಬರುವ ಯೋಚನೆಯನ್ನು ಕಾಣಬೇಕಾದರೆ ರೋಗಿಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರಬೇಕು.

ಹಾಗೆ ಕೂರುವಂತೆ ಮಾಡಿದ್ದು ಒಂದು ಮಹಾಮಾರಿ. ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, 1916–17ರ ಚಳಿಗಾಲದಲ್ಲಿ ವಿಯೆನ್ನಾದ ಆಸ್ಪತ್ರೆಗೆ ವಿಚಿತ್ರ ರೋಗಿಗಳು ಬರತೊಡಗಿದರು. ಕೆಲವರು ಊಟ ಮಾಡುತ್ತ ಮಾಡುತ್ತಲೇ ನಿದ್ದೆಗೆ ಜಾರುವರು, ಕೆಲವರಿಗೆ ನಿದ್ದೆಯೇ ಇಲ್ಲ, ಕೆಲವರು ಕಣ್ಣು ತೆರೆದೇ ವಿಗ್ರಹದಂತೆ ಕುಳಿತಿರುವರು. ಇದು ಹೊಸದೊಂದು ಮಿದುಳಿನ ಉರಿಯೂತವೆಂದು 1917ರಲ್ಲಿ ವಿವರಿಸಿ ಬರೆದವರು ಕಾನ್‌ಸ್ಟಾಂಟಿನ್ ಫಾನ್ ಎಕಾನಮೊ. ಗ್ರೀಕ್ ಮೂಲದ ಈ ವೈದ್ಯರು ವಿಮಾನ ಹಾರಿಸುವುದರಲ್ಲೂ ನಿಪುಣರು. ಅದೇ ವರ್ಷ ಫ್ರಾನ್ಸಿನ ಕ್ರೂಷೆ ಕೂಡ ಇಂಥ ರೋಗಿಗಳನ್ನು ವರ್ಣಿಸಿದರು. ಮುಂದಿನ ಹತ್ತು ವರ್ಷ ಈ ನಿದ್ರಾಮಾರಿ ಜಗತ್ತಿನ ಅನೇಕ ದೇಶಗಳಲ್ಲಿ ಸುತ್ತಾಡಿ, ಬಂದಂತೆಯೇ ಕಣ್ಮರೆಯಾಯಿತು. ಅದರ ನಿಜವಾದ ಕಾರಣ ಇಂದಿಗೂ ಇತ್ಯರ್ಥವಾಗಿಲ್ಲ.

ಬದುಕಿ ಉಳಿದವರ ಪಾಡು ಬೇರೆ. ಅವರಲ್ಲಿ ಬಹಳ ಮಂದಿಗೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಪಾರ್ಕಿನ್‌ಸನ್ ಕಾಯಿಲೆಯನ್ನೇ ಹೋಲುವ ಬಿಗಿತ ಕಾಣಿಸಿಕೊಂಡಿತು. ಅವರಲ್ಲಿ ತರುಣರು, ಮಕ್ಕಳು ಸಹ ಇದ್ದುದರಿಂದ ‘ವಯಸ್ಸಾಯಿತು’ ಎಂದು ಹೇಳಿ ಕೈತೊಳೆದುಕೊಳ್ಳುವಂತಿರಲಿಲ್ಲ. ಜಿನೀವಾದ ವೈದ್ಯ ಫ್ರಾಂಸ್ವಾ ನಾವಿಲ್ 1922ರಲ್ಲಿ ಇಂಥವರ ಮನೋಸ್ಥಿತಿಯನ್ನು ಕುರಿತು ಬರೆದರು. ಇವರ ತಿಳಿವಳಿಕೆ ಹೋಗಿಲ್ಲ, ವಿವೇಚನೆ ಕೆಟ್ಟಿಲ್ಲ. ಆದರೆ ಮನಸ್ಸನ್ನು ಒಂದು ವಿಷಯದ ಮೇಲೆ ತಾವಾಗಿ ನಿಲ್ಲಿಸುವ ಶಕ್ತಿ, ತಾವಾಗಿ ಒಂದು ಕೆಲಸಕ್ಕೆ ತೊಡಗುವ ಹುಮ್ಮಸ್ಸು, ಆಸಕ್ತಿ, ಶ್ರಮಿಸುವ ತಾಳಿಕೆ ತಗ್ಗಿವೆ. ಇಡೀ ಮನೋವ್ಯಾಪಾರವೇ ನಿಧಾನಗೊಂಡಿದೆ. ಇದಕ್ಕೆ ಅವರು ಗ್ರೀಕ್ ಭಾಷೆಯ ‘ನಿಧಾನ’, ‘ಮನಸ್ಸು’ ಎಂಬ ಎರಡು ಪದಗಳನ್ನು ಕೂಡಿಸಿ ಬ್ರಾಡಿಫ್ರೀನಿಯ ಎಂದು ಹೆಸರಿಟ್ಟರು.

ಕನ್ನಡದಲ್ಲಿ ಇದಕ್ಕೆ ಪದ ಹುಡುಕುವಾಗ ಎಚ್ಚರ ಬೇಕು. ‘ಬುದ್ಧಿಮಾಂದ್ಯ’ ಎಂಬ ಮಾತು ಬೆಳವಣಿಗೆಯ ಕಾಲದಲ್ಲೇ ಬುದ್ಧಿಶಕ್ತಿ ಕುಂಠಿತವಾದ ಸ್ಥಿತಿಗೆ ಬಳಕೆಯಾಗಿ ಹೋಗಿದೆ. ಇಲ್ಲಿಯದು ಅದಲ್ಲ. ‘ಚಿಂತನೆಯ ಮಂದಗತಿ’ ಎಂದರೆ ಅರ್ಥಕ್ಕೆ ಹತ್ತಿರವಾಗುತ್ತದೆ. ಮಂದವಾಗಿರುವುದು ಗತಿ, ಬುದ್ಧಿಯಲ್ಲ.

ನಮ್ಮ ನೆಲದ ಬೇರು, ನಮ್ಮ ನೆಲದ ಬೀಜ

ಯೋಚನೆಯೂ ಚಲನೆಯೂ ಒಟ್ಟಿಗೆ ಮಂದವಾಗುವುದೇಕೆ? ಉತ್ತರದ ದಾರಿಯಲ್ಲಿ ನಮ್ಮ ನಾಡಿನ ಎರಡು ಗಿಡಗಳು ಎದುರಾಗುತ್ತವೆ.

ಮೊದಲನೆಯದು ಸರ್ಪಗಂಧ. ಪಶ್ಚಿಮ ಘಟ್ಟಗಳಲ್ಲೂ ಬೆಳೆಯುವ ಈ ಗಿಡದ ಬೇರನ್ನು ಹಾವಿನ ಕಡಿತಕ್ಕೂ ಹುಚ್ಚಿಗೂ ಮದ್ದಾಗಿ ನಮ್ಮ ದೇಶದಲ್ಲಿ ಹಿಂದಿನಿಂದ ಬಳಸುತ್ತಿದ್ದರು. ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಇದರ ಗುಣವನ್ನು ವೈದ್ಯಪತ್ರಿಕೆಯಲ್ಲಿ ವಿವರಿಸಿದರು. ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು ರಕ್ತದೊತ್ತಡದ ರೋಗಿಗಳಿಗೆ ಇದನ್ನು ಕೊಟ್ಟು ಕಂಡ ಫಲವನ್ನು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಹೊರದೇಶಗಳ ಗಮನ ಈ ಕಡೆ ಹರಿಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿಗಳು ಬೇರಿನಿಂದ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಔಷಧ ಜನಪ್ರಿಯವಾಯಿತು. ಜೊತೆಗೆ ಒಂದು ಸಂಗತಿ ಹೊರಬಿತ್ತು: ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಕೆಲವರು ಮಂಕಾಗುತ್ತಿದ್ದರು, ಮುಖ ಭಾವಶೂನ್ಯವಾಗುತ್ತಿತ್ತು, ನಡೆ ನಿಧಾನವಾಗುತ್ತಿತ್ತು, ಔಷಧ ನಿಲ್ಲಿಸಿದರೆ ಸರಿಹೋಗುತ್ತಿದ್ದರು.

1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ಇದೇ ರೆಸರ್ಪಿನ್ ಕೊಟ್ಟರು. ಮೊಲಗಳು ಕಿವಿ ಜೋಲುಬಿಟ್ಟು ಅಲುಗಾಡದೆ ಬಿದ್ದುಕೊಂಡವು. ಆಮೇಲೆ ಡೋಪ ಎಂಬ ವಸ್ತುವನ್ನು ಚುಚ್ಚಿದಾಗ, ಸ್ವಲ್ಪ ಹೊತ್ತಿನಲ್ಲೇ ಎದ್ದು ಓಡಾಡಿದವು. ಡೋಪದಿಂದ ಮಿದುಳಿನಲ್ಲಿ ತಯಾರಾಗುವ ಡೋಪಮಿನ್ ಎಂಬ ರಾಸಾಯನಿಕ ಬತ್ತಿದ್ದೇ ಆ ಜಡತೆಗೆ ಕಾರಣವೆಂದು ಹೀಗೆ ಗೊತ್ತಾಯಿತು. ಮೂರೇ ವರ್ಷಗಳಲ್ಲಿ, 1960ರಲ್ಲಿ, ಎಕಾನಮೊ ಕೆಲಸ ಮಾಡಿದ್ದ ಅದೇ ವಿಯೆನ್ನಾ ನಗರದಲ್ಲಿ ಎರಿಂಗರ್ ಮತ್ತು ಹಾರ್ನಿಕೀವಿಚ್ ಪಾರ್ಕಿನ್‌ಸನ್ ರೋಗದಿಂದ ಸತ್ತವರ ಮಿದುಳನ್ನು ಪರೀಕ್ಷಿಸಿ, ಅಲ್ಲಿಯೂ ಡೋಪಮಿನ್ ತೀರ ಕಡಿಮೆಯಾಗಿರುವುದನ್ನು ಕಂಡರು. ನಿದ್ರಾಮಾರಿಯಿಂದ ಜಡಗೊಂಡವರ ಮಿದುಳಿನಲ್ಲಿಯೂ ಇದೇ ಕೊರತೆ. ಕಾರ್ಲ್‌ಸನ್ನರಿಗೆ 2000ದಲ್ಲಿ ನೊಬೆಲ್ ಪಾರಿತೋಷಕ ಬಂತು.

ಎರಡನೆಯ ಗಿಡ ನಸುಗುನ್ನಿ. ಮಲೆನಾಡಿನ ಬೇಲಿಗಳ ಮೇಲೆ ಹಬ್ಬಿ, ರೋಮದ ಕಾಯಿ ತಾಗಿದರೆ ಮೈಯೆಲ್ಲ ತುರಿಸುವ ಬಳ್ಳಿ ಎಂದರೆ ಓದುಗರಲ್ಲಿ ಅನೇಕರು ಬಾಲ್ಯ ನೆನೆದು ಮೈ ಕೆರೆದುಕೊಂಡಾರು! ಇದರ ಬೀಜದಲ್ಲಿ ಡೋಪ ಯಥೇಚ್ಛವಾಗಿದೆ. ಇದನ್ನು 1937ರಲ್ಲೇ ಬೇರ್ಪಡಿಸಿ ತೋರಿಸಿದವರು ಮದರಾಸು ವಿಶ್ವವಿದ್ಯಾನಿಲಯದ ದಾಮೋದರನ್ ಮತ್ತು ರಾಮಸ್ವಾಮಿ. ಆ ವಸ್ತುವಿನಿಂದ ಪಾರ್ಕಿನ್‌ಸನ್ ರೋಗಿಗಳಿಗೆ ಏನು ಪ್ರಯೋಜನವೆಂದು ಆಗ ಯಾರೂ ಊಹಿಸುವಂತಿರಲಿಲ್ಲ. 1967ರಲ್ಲಿ ಅಮೆರಿಕದ ಜಾರ್ಜ್ ಕಾಟ್ಸಿಯಾಸ್ ರೋಗಿಗಳಿಗೆ ಡೋಪವನ್ನು ದೊಡ್ಡ ಪ್ರಮಾಣದಲ್ಲಿ ಬಾಯಿಯ ಮೂಲಕ ಕೊಟ್ಟು ಗುಣ ತೋರಿಸಿದರು. 1978ರಲ್ಲಿ ಮುಂಬಯಿಯ ಡಾ. ಅಶೋಕ ವೈದ್ಯ ಮತ್ತು ಸಂಗಡಿಗರು ನಸುಗುನ್ನಿ ಬೀಜದ ಪುಡಿಯಿಂದಲೇ ರೋಗಿಗಳಿಗೆ ಚಿಕಿತ್ಸೆ ಮಾಡಿದ ಅನುಭವವನ್ನು ಪ್ರಕಟಿಸಿದರು. ಇದನ್ನು ಓದಿ ಯಾರೂ ಬೇಲಿಯ ಬೀಜ ಕಿತ್ತು ತಿನ್ನಬಾರದು. ಪ್ರಮಾಣ ತಪ್ಪಿದರೆ ವಾಂತಿ, ಭ್ರಮೆ, ರಕ್ತದೊತ್ತಡದ ಕುಸಿತ ಎಲ್ಲವೂ ಉಂಟು.

ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಬೆತ್ ಅಬ್ರಹಾಂ ಆಸ್ಪತ್ರೆಯಲ್ಲಿ, ನಿದ್ರಾಮಾರಿಗೆ ಸಿಕ್ಕಿ ದಶಕಗಳ ಕಾಲ ಅಲುಗಾಡದೆ ಉಳಿದಿದ್ದವರಿಗೆ ಆಲಿವರ್ ಸ್ಯಾಕ್ಸ್ 1969ರಲ್ಲಿ ಈ ಔಷಧ ಕೊಟ್ಟರು. ಕಲ್ಲಾದವರು ಎದ್ದು ಮಾತನಾಡಿದರು. ಅವರ ಒಳಗೆ ನೆನಪು, ನಗೆ, ಸಿಟ್ಟು, ಆಸೆ ಎಲ್ಲವೂ ಉಳಿದಿದ್ದವು. ಹಲವರಲ್ಲಿ ಈ ಎಚ್ಚರ ಬಹುಕಾಲ ನಿಲ್ಲದೆ ಹೊಸ ತೊಡಕುಗಳು ಹುಟ್ಟಿದವೆಂಬುದೂ ನಿಜ. 1973ರಲ್ಲಿ ಅವರು ಬರೆದ ‘ಅವೇಕನಿಂಗ್ಸ್’ ಎಂಬ ಪುಸ್ತಕ 1990ರಲ್ಲಿ ಚಲನಚಿತ್ರವಾಗಿಯೂ ಬಂತು. ಉತ್ತರ ಬಾರದ ಮಾತ್ರಕ್ಕೆ ಒಳಗೆ ಯಾರೂ ಇಲ್ಲವೆಂದು ತಿಳಿಯಬಾರದು ಎಂಬ ಪಾಠವನ್ನು ಆ ರೋಗಿಗಳು ಜಗತ್ತಿಗೆ ಕಲಿಸಿದರು.

ಮರೆವೋ, ತಡವೋ?

1906ರಲ್ಲಿ ಜರ್ಮನಿಯ ಆಲ್ಸ್‌ಹೈಮರ್ ವರ್ಣಿಸಿದ ಮರೆವಿನ ರೋಗದ ಹೆಸರು ಇಂದು ಎಲ್ಲರ ಬಾಯಲ್ಲಿದೆ. ಆದ್ದರಿಂದ ಮುದುಕರ ಮನಸ್ಸಿನ ತೊಂದರೆಯೆಲ್ಲ ಮರೆವೇ ಎಂಬ ತಿಳಿವಳಿಕೆ ಹರಡಿದೆ. ಬೋಸ್ಟನ್ನಿನ ಮಾರ್ಟಿನ್ ಆಲ್ಬರ್ಟ್ ಮತ್ತು ಸಂಗಡಿಗರು 1974ರಲ್ಲಿ ಇದನ್ನು ಪ್ರಶ್ನಿಸಿದರು. ಕಣ್ಣನ್ನು ಮೇಲೆ ಕೆಳಗೆ ಹೊರಳಿಸಲಾಗದಂತೆ ಮಾಡುವ ಒಂದು ಅಪರೂಪದ ನರರೋಗದವರನ್ನು ಅವರು ಪರೀಕ್ಷಿಸಿದರು. ಸಾಮಾನ್ಯ ಪರೀಕ್ಷೆಯಲ್ಲಿ ಇವರು ಮರೆಗುಳಿಗಳಂತೆ ಕಾಣುತ್ತಿದ್ದರು. ಆದರೆ ಅವಸರ ಮಾಡದೆ ಕಾದು ಕುಳಿತರೆ ಸರಿಯಾದ ಉತ್ತರವೇ ಬರುತ್ತಿತ್ತು. ಮಿದುಳಿನ ಹೊರಪದರಕ್ಕೆ ಹಾನಿಯಾದರೆ ನೆನಪಿನ ಕಣಜವೇ ಬರಿದಾಗುತ್ತದೆ. ಒಳಭಾಗದ ಸಂಪರ್ಕಗಳು ಕೆಟ್ಟರೆ ಕಣಜ ತುಂಬಿಯೇ ಇರುತ್ತದೆ, ಬಾಗಿಲು ತೆರೆಯುವುದು ತಡ. ನಿಜ ಜೀವನದಲ್ಲಿ ಎರಡೂ ಕೂಡಿ ಬರುವುದುಂಟಾದ್ದರಿಂದ ಈ ವಿಭಜನೆ ಅಷ್ಟು ಖಚಿತವಲ್ಲವೆಂದು ಆಮೇಲೆ ಅನೇಕರು ವಾದಿಸಿದರೂ, ರೋಗಿಯನ್ನು ನೋಡುವ ರೀತಿಯನ್ನು ಅದು ಬದಲಿಸಿತು.

ಇಲ್ಲೊಂದು ಸಂದೇಹ ಏಳುವುದು ಸಹಜ. ಪಾರ್ಕಿನ್‌ಸನ್ ರೋಗಿಯ ಕೈಯೂ ನಾಲಗೆಯೂ ನಿಧಾನ. ಹಾಗಿರುವಾಗ ಯೋಚನೆಯೇ ನಿಧಾನವೆಂದು ಹೇಗೆ ಹೇಳುವುದು? 1966ರಲ್ಲಿ ಅಮೆರಿಕದ ಸಾಲ್ ಸ್ಟರ್ನ್‌ಬರ್ಗ್ ರೂಪಿಸಿದ ಪ್ರಯೋಗ ಇದಕ್ಕೆ ದಾರಿ ತೋರಿಸಿತು. ಮೊದಲು 3, 8, 5 ಹೀಗೆ ಕೆಲವು ಅಂಕಿಗಳನ್ನು ತೋರಿಸುವುದು. ಆಮೇಲೆ ಒಂದೇ ಅಂಕಿ ತೋರಿಸಿ ‘ಇದು ಅವುಗಳಲ್ಲಿ ಇತ್ತೇ, ಇರಲಿಲ್ಲವೇ?’ ಎಂದು ಕೇಳಿ ಗುಂಡಿ ಒತ್ತಿಸುವುದು. ಪಟ್ಟಿಗೆ ಒಂದೊಂದು ಅಂಕಿ ಹೆಚ್ಚಿದಂತೆ ಉತ್ತರ ಸುಮಾರು 38 ಮಿಲಿಸೆಕೆಂಡಿನಷ್ಟು ತಡವಾಗುತ್ತದೆ. ಕೈ ಎಷ್ಟೇ ನಿಧಾನವಾಗಿರಲಿ, ಗುಂಡಿ ಒತ್ತುವುದಕ್ಕೆ ಹಿಡಿಯುವ ಕಾಲ ಚಿಕ್ಕ ಪಟ್ಟಿಗೂ ದೊಡ್ಡ ಪಟ್ಟಿಗೂ ಒಂದೇ. ಅಂಕಿಯೊಂದಕ್ಕೆ ಹೆಚ್ಚುವ ಕಾಲ ಮಾತ್ರ ಮನಸ್ಸಿನ ಹುಡುಕಾಟದ್ದು. 1868ರ ಡೋಂಡರ್ಸನ ಕಳೆಯುವ ಲೆಕ್ಕವೇ ಹೊಸ ರೂಪ ತಾಳಿ ಬಂದಿತ್ತು. 1980ರಲ್ಲಿ ಅಮೆರಿಕದ ವಿಲ್ಸನ್ ಮತ್ತು ಸಂಗಡಿಗರು ಇದನ್ನು ಪಾರ್ಕಿನ್‌ಸನ್ ರೋಗಿಗಳಿಗೆ ಅನ್ವಯಿಸಿದಾಗ, ಅವರಲ್ಲಿ ವಯಸ್ಸಾದವರ ಹುಡುಕಾಟ ನಿಜಕ್ಕೂ ನಿಧಾನವಾಗಿತ್ತು. ಕಿರಿಯ ವಯಸ್ಸಿನ ರೋಗಿಗಳಲ್ಲಿ ಹಾಗಿರಲಿಲ್ಲ. ಎಂದರೆ ಕೈ ನಡುಗುವವರೆಲ್ಲರ ಯೋಚನೆಯೂ ಮಂದವಲ್ಲ. ಮಂದವಾದವರಲ್ಲಿ ಅದು ಕೈಯ ತಪ್ಪಲ್ಲ.

ಡೋಪಮಿನ್ ಔಷಧದಿಂದ ಚಲನೆ ಸುಧಾರಿಸುವಷ್ಟು ಯೋಚನೆಯ ಗತಿ ಸುಧಾರಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಮಿದುಳಿನ ಬೇರೆ ರಾಸಾಯನಿಕಗಳೂ ಇದರಲ್ಲಿ ಪಾಲುಗೊಂಡಿರುವುದರಿಂದ ಈ ಹುಡುಕಾಟ ಮುಗಿದಿಲ್ಲ.

ಗುಣವಾಗುವ ನಿಧಾನ

ಆದರೆ ಎಲ್ಲ ಮಂದಗತಿಯೂ ಪಾರ್ಕಿನ್‌ಸನ್ನಿನದಲ್ಲ. ಚಿಕಿತ್ಸೆಯಿಂದ ಪೂರ್ತಿಯಾಗಿಯೋ ಬಹುಮಟ್ಟಿಗೋ ಗುಣವಾಗುವ ಕಾರಣಗಳೂ ಹಲವು ಇವೆ. 1873ರಲ್ಲಿ ಲಂಡನ್ನಿನ ಸರ್ ವಿಲಿಯಂ ಗಲ್, ಮುಖ ಊದಿಕೊಂಡು, ಮಾತು ದಪ್ಪವಾಗಿ, ಮನಸ್ಸು ಜಡವಾಗುತ್ತ ಹೋದ ಮಧ್ಯವಯಸ್ಸಿನ ಸ್ತ್ರೀಯರನ್ನು ವರ್ಣಿಸಿದರು. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಕೆಲಸ ನಿಲ್ಲಿಸುವುದೇ ಇದಕ್ಕೆ ಕಾರಣವೆಂದು ಮುಂದೆ ತಿಳಿಯಿತು. 1891ರಲ್ಲಿ ನ್ಯೂಕಾಸಲ್ಲಿನ ತರುಣ ವೈದ್ಯ ಜಾರ್ಜ್ ಮರೆ, ಕುರಿಯ ಥೈರಾಯ್ಡಿನ ರಸವನ್ನು ಇಂಥ 46 ವರ್ಷದ ಸ್ತ್ರೀಯೊಬ್ಬಳಿಗೆ ಚುಚ್ಚುಮದ್ದಾಗಿ ಕೊಟ್ಟರು. ಆಕೆ ಚೇತರಿಸಿಕೊಂಡು ಇನ್ನೂ 28 ವರ್ಷ ಬಾಳಿದಳು. ಇಂದು ಅದಕ್ಕೆ ದಿನಕ್ಕೊಂದು ಮಾತ್ರೆ ಸಾಕು. ಕಂಡುಹಿಡಿಯಲು ಒಂದು ರಕ್ತಪರೀಕ್ಷೆ ಸಾಕು.

1965ರಲ್ಲಿ ಕೊಲಂಬಿಯಾದ ಸಾಲೊಮೊನ್ ಹಕೀಮ್ ಮತ್ತು ಅಮೆರಿಕದ ರೇಮಂಡ್ ಆಡಮ್ಸ್, ಮಿದುಳಿನ ಕೋಣೆಗಳಲ್ಲಿ ನೀರು ತುಂಬಿಕೊಂಡು ಯೋಚನೆ ಮಂದವಾಗುವ ರೋಗವನ್ನು ವಿವರಿಸಿದರು. ಕಾಲು ನೆಲಕ್ಕೆ ಅಂಟಿದಂತೆ ನಡೆಯುವುದು, ಮೂತ್ರ ತಡೆಯಲಾಗದಿರುವುದು ಅದರ ಸಂಗಾತಿಗಳು. ನೀರು ಹರಿದುಹೋಗಲು ಕೊಳವೆ ಜೋಡಿಸಿದರೆ ಅನೇಕರು ಚೇತರಿಸಿಕೊಳ್ಳುತ್ತಾರೆ. ಬಚ್ಚಲುಮನೆಯಲ್ಲಿ ಜಾರಿ ತಲೆಗೆ ಪೆಟ್ಟಾಗಿ, ಕೆಲವು ವಾರಗಳ ಮೇಲೆ ತಲೆಯೊಳಗೆ ರಕ್ತ ಹೆಪ್ಪುಗಟ್ಟಿ ಒತ್ತುವುದರಿಂದಲೂ ಮುದುಕರು ಮಂಕಾಗುತ್ತಾರೆ. ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ನಿದ್ದೆಮಾತ್ರೆಗಳು, ತಲೆಸುತ್ತಿಗೆಂದು ತಿಂಗಳುಗಟ್ಟಲೆ ನುಂಗುವ ಕೆಲವು ಮಾತ್ರೆಗಳು, ಇವೂ ಆ ಪಟ್ಟಿಯಲ್ಲಿವೆ. ಕಾಯಿಲೆ ವಯಸ್ಸಿನ ವೇಷ ಹಾಕಿಕೊಂಡು ಬಂದರೆ ನಾವು ಬಾಗಿಲಲ್ಲೇ ಅದನ್ನು ಗುರುತಿಸದೆ ಬಿಡುವುದು ಹೀಗೆ.

ನಮ್ಮ ಮನೆಗಳಲ್ಲಿ

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ತೊಡಕಿದೆ. ಇಲ್ಲಿಯ ಆಸ್ಪತ್ರೆಯಲ್ಲಿ ವೈದ್ಯರು ಹಿಂದಿಯಲ್ಲೋ ಮರಾಠಿಯಲ್ಲೋ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಪ್ರಶ್ನೆ ಹಾಕುತ್ತಾರೆ. ಹಿರಿಯರು ಅದನ್ನು ಕನ್ನಡಕ್ಕೆ ತಿರುಗಿಸಿಕೊಂಡು, ಕನ್ನಡದಲ್ಲಿ ಯೋಚಿಸಿ, ಮತ್ತೆ ಆ ಭಾಷೆಯ ಮಾತು ಹುಡುಕುವಷ್ಟರಲ್ಲಿ ಪಕ್ಕದಲ್ಲಿದ್ದ ಮಗನೋ ಸೊಸೆಯೋ ಉತ್ತರ ಕೊಟ್ಟಾಗಿರುತ್ತದೆ. ಹೊರಗೆ ಇನ್ನೂ ಇಪ್ಪತ್ತು ಮಂದಿ ಕಾದಿದ್ದಾರೆ, ವೈದ್ಯರಿಗೂ ಪುರಸೊತ್ತಿಲ್ಲ. ಹೀಗಾದಾಗ ಭಾಷೆಯ ತಡ ಕಾಯಿಲೆಯಂತೆ ಕಾಣಬಹುದು, ಕಾಯಿಲೆಯ ತಡ ಭಾಷೆಯದೆಂದು ಕಳೆದುಹೋಗಬಹುದು. ಎರಡೂ ಅಪಾಯವೇ.

ಇದಕ್ಕೆ ಪರಿಹಾರ ದೊಡ್ಡದೇನಲ್ಲ. ಹಿರಿಯರು ಮಂಕಾಗಿದ್ದಾರೆಂದು ಅನ್ನಿಸಿದರೆ, ಎಂದಿನಿಂದ ಹೀಗೆ, ಬರುಬರುತ್ತಾ ಆಯಿತೋ ಕೆಲವೇ ವಾರಗಳಲ್ಲಿ ಆಯಿತೋ, ಬಿದ್ದಿದ್ದರೇ, ಯಾವ ಯಾವ ಮಾತ್ರೆ ನಡೆಯುತ್ತಿದೆ ಎಂಬುದನ್ನು ಬರೆದುಕೊಂಡು ಹೋಗಬೇಕು. ಮನೆಯಲ್ಲಿ ಕನ್ನಡದಲ್ಲಿ, ಅವರಿಗೆ ಬೇಕಾದ ವಿಷಯ ಕೇಳಿ, ಸುಮ್ಮನೆ ಕಾದು ನೋಡಬೇಕು. ತಡವಾದರೂ ಉತ್ತರ ಸರಿಯಾಗಿ ಬರುತ್ತದೆಯೋ, ಅಥವಾ ಬರುವುದೇ ಇಲ್ಲವೋ ಎಂಬುದು ವೈದ್ಯರಿಗೆ ತಿಳಿಸಬೇಕಾದ ಮುಖ್ಯ ಸಂಗತಿ. ಸಾಧ್ಯವಾದಲ್ಲಿ ಪರೀಕ್ಷೆಯನ್ನು ಕನ್ನಡದಲ್ಲೇ ಮಾಡಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ಸಿದ್ಧವಾದ ಮನೋಶಕ್ತಿಯ ಪರೀಕ್ಷಾ ಸಂಪುಟ ಐದು ಭಾರತೀಯ ಭಾಷೆಗಳಲ್ಲಿದ್ದು, ಕನ್ನಡ ಅವುಗಳಲ್ಲೊಂದು. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಕೂಡಿ ಆದ ಬೆಂಗಳೂರಿನ ನಿಮ್ಹಾನ್ಸ್ ಇಂಥ ತೊಂದರೆಗಳಿಗೆಂದೇ ಇರುವ ಸಂಸ್ಥೆ. ಊರಿಗೆ ಹೋಗಿಬರುವಾಗ ಅಲ್ಲಿಗೂ ಕರೆದೊಯ್ಯಬಹುದು. ಇಲ್ಲಿ ಆಸ್ಪತ್ರೆಗೆ ಹೋಗುವ ಹಿರಿಯರ ಜೊತೆ, ಕನ್ನಡವೂ ಇಲ್ಲಿಯ ಭಾಷೆಯೂ ಬಲ್ಲ ಒಬ್ಬರನ್ನು ಕಳುಹಿಸುವ ಏರ್ಪಾಟು ನಮ್ಮ ಸಂಘಗಳಿಗೆ ಭಾರವಾಗಲಾರದು.

ಸೆಕೆಂಡಿನ ಹತ್ತರಲ್ಲಿ ಎಂಟು ಭಾಗದ ತಡಕ್ಕಾಗಿ ಕಿನ್ನೆಬ್ರೂಕ್ ಕೆಲಸ ಕಳೆದುಕೊಂಡ. ಆ ತಡ ಅವನ ದೋಷವಲ್ಲವೆಂದು ತಿಳಿಯಲು ಲೋಕಕ್ಕೆ ಕಾಲು ಶತಮಾನ ಬೇಕಾಯಿತು. ನಮ್ಮ ಮನೆಯ ಅಜ್ಜನಿಗೋ ಅಜ್ಜಿಗೋ ಅಷ್ಟು ಕಾಲ ಕಾಯಲು ವ್ಯವಧಾನವಿಲ್ಲ. ಕಾಯಬೇಕಾದವರು ನಾವು, ಅದೂ ಪ್ರಶ್ನೆ ಕೇಳಿದ ಮೇಲೆ ಒಂದೆರಡು ನಿಮಿಷ ಮಾತ್ರ.